‘ಪಾರ್ಟಿ’ ಪದದ ಅರ್ಥಪರಂಪರೆ: ಮಲೆನಾಡಿನ ಕಾಫಿ ಸೀಮೆಯ ಕೂಟಗಳ ಹಿನ್ನೆಲೆಯಲ್ಲಿ

ಒಂದು ಭಾಷೆ ಇನ್ನೊಂದು ಭಾಷೆಯಿಂದ ಪದವನ್ನು ಎರವಲು ಪಡೆಯುವಾಗ ಆ ಪದದ ಹಿಂದಿರುವ ಸಾಮಾಜಿಕ ಸಂಬಂಧವನ್ನೂ ಬರಮಾಡಿಕೊಳ್ಳುತ್ತದೆ. ಆದ್ದರಿಂದ ಎರವಲು ಪದಗಳ ಅಧ್ಯಯನವು ನಿಘಂಟುಕಾರರ ಕೆಲಸ ಮಾತ್ರವಲ್ಲ. ಜನಜೀವನದ ಚರಿತ್ರೆಯನ್ನು ಅರಿಯಲು ಅದು ಒಂದು ಆಕರವೂ ಹೌದು. ಜನರು ಒಟ್ಟುಗೂಡುವುದನ್ನು ಸೂಚಿಸುವ ಅನೇಕ ಇಂಗ್ಲಿಷ್ ಪದಗಳು ಕಳೆದ ಸುಮಾರು ನೂರೈವತ್ತು ವರ್ಷಗಳಲ್ಲಿ ಕನ್ನಡದ ಆಡುಮಾತಿಗೆ ಬಂದಿವೆ. ಮೀಟಿಂಗು, ಕ್ಲಬ್ಬು, ಯೂನಿಯನ್, ಅಸೋಸಿಯೇಷನ್ ಮೊದಲಾದ ಇವುಗಳಲ್ಲಿ ಅತ್ಯಂತ ವಿಸ್ತಾರವಾದ ಅರ್ಥವ್ಯಾಪ್ತಿಯನ್ನು ಪಡೆದ ಪದವೆಂದರೆ ‘ಪಾರ್ಟಿ’. ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸ ಪ್ರದೇಶಗಳನ್ನೊಳಗೊಂಡ ಕಾಫಿ ಸೀಮೆಯಲ್ಲಿ ಈ ಪದವು ನ್ಯಾಯಾಲಯ, ತೋಟ, ಚುನಾವಣೆ ಹಾಗೂ ಔತಣ ಎಂಬ ನಾಲ್ಕು ನೆಲೆಗಳಲ್ಲಿ ಬಳಕೆಯಾಗುತ್ತದೆ. ಈ ನಾಲ್ಕೂ ಅರ್ಥಗಳ ಹಿಂದೆ ಇರುವ ಸಮಾನ ಸೂತ್ರವೇನು, ಸ್ಥಳೀಯವಾದ ‘ಕೂಟ’ದಂತಹ ಪದಗಳಿದ್ದೂ ಈ ಪದವು ಏಕೆ ಬೇರುಬಿಟ್ಟಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

1. ಪದಮೂಲ: ಕೂಡುವುದು ಮತ್ತು ಒಡೆಯುವುದು

ಇಂಗ್ಲಿಷಿನ ‘ಪಾರ್ಟಿ’ ಪದದ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ‘ಪಾರ್ಸ್’ ಎಂದರೆ ಭಾಗ, ಪಾಲು. ಇದರಿಂದ ಹಂಚು, ವಿಭಾಗಿಸು ಎಂಬ ಅರ್ಥದ ಕ್ರಿಯಾಪದ ಹುಟ್ಟಿ, ಹಳೆಯ ಫ್ರೆಂಚಿನಲ್ಲಿ ‘ಪಾರ್ತಿರ್’ ಎಂದಾಯಿತು. ‘ಪಾರ್ತಿ’ ಎಂದರೆ ಹೀಗೆ ವಿಭಾಗವಾದದ್ದು, ಒಂದು ಪಾಲು. ಮಧ್ಯಯುಗದಲ್ಲಿ ಇಂಗ್ಲಿಷಿಗೆ ಬಂದಾಗ ಈ ಪದಕ್ಕಿದ್ದ ಅರ್ಥಗಳು ‘ಭಾಗ’, ‘ಮೊಕದ್ದಮೆಯ ಒಂದು ಕಡೆಯವರು’ ಮತ್ತು ‘ಇನ್ನೊಂದು ಗುಂಪಿಗೆ ಎದುರಾಗಿ ನಿಂತ ಗುಂಪು’ ಎಂಬವು. 17ನೆಯ ಶತಮಾನದಲ್ಲಿ ಸೈನ್ಯದಿಂದ ಬೇರ್ಪಡಿಸಿ ಕಳುಹಿಸಿದ ತುಕಡಿಗೂ ಇದೇ ಹೆಸರಾಯಿತು. ಸಂತೋಷಕ್ಕಾಗಿ ಸೇರಿದ ಜನರ ಗುಂಪು ಎಂಬ ಅರ್ಥ ಕಾಣಿಸಿಕೊಂಡದ್ದು 18ನೆಯ ಶತಮಾನದ ಆರಂಭದ ವೇಳೆಗೆ. ಅಂದರೆ ಇಂದು ಔತಣವೆಂದೊಡನೆ ಮೊದಲು ನೆನಪಾಗುವ ಈ ಪದದ ಔತಣದ ಅರ್ಥವೇ ಅದರ ಅರ್ಥಗಳಲ್ಲಿ ಕಿರಿಯದು. ಸೇರುವುದನ್ನು ಹೇಳುವ ಪದವು ಒಡೆಯುವುದನ್ನು ಹೇಳುವ ಧಾತುವಿನಿಂದ ಹುಟ್ಟಿದೆ ಎಂಬುದು ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಸಂಗತಿ.

ಕನ್ನಡದ ‘ಕೂಟ’ ಇದಕ್ಕೆ ವಿರುದ್ಧವಾದ ದಿಕ್ಕಿನಿಂದ ಬಂದಿದೆ. ‘ಕೂಡು’ ಎಂಬ ದ್ರಾವಿಡ ಧಾತುವಿನಿಂದ ಸಿದ್ಧವಾದ ಈ ಪದಕ್ಕೆ ತಮಿಳು ಮತ್ತು ಮಲೆಯಾಳಗಳಲ್ಲಿ ‘ಕೂಟ್ಟಂ’ ಎಂಬ ಸಮಾನರೂಪವಿದೆ. ಸಂಸ್ಕೃತದ ‘ಕೂಟ’ ಪದಕ್ಕೆ ಶಿಖರ, ರಾಶಿ, ಕಪಟ ಎಂಬ ಅರ್ಥಗಳಿದ್ದು, ‘ಚಿತ್ರಕೂಟ’, ‘ಕೂಟಸಾಕ್ಷಿ’ಗಳಲ್ಲಿ ಕಾಣುವುದು ಆ ಪದ. ಎರಡನ್ನೂ ಬೆರೆಸಬಾರದು. ಕನ್ನಡ ಕೂಟದಲ್ಲಿ ಬೇರೆ ಬೇರೆ ಇದ್ದವರು ಒಂದಾಗುತ್ತಾರೆ. ‘ಒಕ್ಕೂಟ’ ಎಂಬಲ್ಲಿ ಈ ಒಂದಾಗುವಿಕೆಯನ್ನು ಮತ್ತೊಮ್ಮೆ ಒತ್ತಿ ಹೇಳಲಾಗಿದೆ. ದೂರದೇಶಕ್ಕೆ ಹೋದ ಕನ್ನಡಿಗರು ತಮ್ಮ ಸಂಘಟನೆಗಳಿಗೆ ‘ಕನ್ನಡ ಕೂಟ’ ಎಂದೇ ಹೆಸರಿಟ್ಟುಕೊಂಡರು; ಅಮೆರಿಕದ ಅಂತಹ ಕೂಟಗಳನ್ನು ಒಟ್ಟುಗೂಡಿಸಿ 1998ರಲ್ಲಿ ಸ್ಥಾಪನೆಯಾದ ‘ಅಕ್ಕ’ದ ಹೆಸರಿನಲ್ಲಿಯೂ ಕೂಟವೇ ಇದೆ.

ವಿಭಾಗವನ್ನು ಹೇಳಲು ಕನ್ನಡಕ್ಕೆ ‘ಪಾಲು’ ಎಂಬ ಸ್ವಂತ ಪದವಿದೆ. ಪಾಲು ಮತ್ತು ಪಾರ್ಟಿಗಳ ಧ್ವನಿಸಾಮ್ಯ ಆಕಸ್ಮಿಕವಾದುದು. ಪಾಲು ‘ಪಗು’ ಎಂಬ ದ್ರಾವಿಡ ಧಾತುವಿಗೆ ಸಂಬಂಧಿಸಿದ್ದು. ಆದರೆ ಕೂಟ ಮತ್ತು ಪಾಲು ಎಂಬ ಎರಡು ಭಾವಗಳನ್ನು ಒಂದೇ ಶಬ್ದದಲ್ಲಿ ಹೇಳುವ ಪದ ಕನ್ನಡದಲ್ಲಿ ಇರಲಿಲ್ಲ. ಪಾರ್ಟಿ ಎಂಬುದು ಈ ತೆರವಿನಲ್ಲಿ ನೆಲೆಗೊಂಡಿತು.

2. ನೆಲದ ಕೂಟಗಳು

ತೋಟಗಾರಿಕೆ ಬಲಗೊಳ್ಳುವ ಮೊದಲು ಮತ್ತು ಆನಂತರವೂ ಮಲೆನಾಡಿನಲ್ಲಿ ಜನರು ಸೇರುತ್ತಿದ್ದ ಸಂದರ್ಭಗಳು ಹಲವು. ಅವುಗಳಲ್ಲಿ ನಾಲ್ಕನ್ನು ಇಲ್ಲಿ ಗಮನಿಸಬಹುದು.

ಮೊದಲನೆಯದು ಮುಯ್ಯಾಳು ಪದ್ಧತಿ. ಗದ್ದೆಯ ನಾಟಿ, ಕೊಯ್ಲುಗಳ ಕಾಲದಲ್ಲಿ ನೆರೆಯವರು ಒಬ್ಬರ ಗದ್ದೆಗೆ ಬಂದು ದುಡಿಯುತ್ತಾರೆ. ಗದ್ದೆಯವರು ಊಟ ಹಾಕುತ್ತಾರೆ. ಬಂದವರ ಗದ್ದೆಗೆ ಇವರು ಹೋಗಿ ಅಷ್ಟೇ ದಿನ ದುಡಿದು ಋಣ ತೀರಿಸುತ್ತಾರೆ. ‘ಮುಯ್ಯಿ’ ಎಂದರೆ ಕೊಟ್ಟದ್ದಕ್ಕೆ ಪ್ರತಿಯಾಗಿ ಕೊಡುವುದು. ಇಲ್ಲಿ ಕೂಲಿ ಇಲ್ಲ, ಲೆಕ್ಕವಿದೆ. ಆ ಲೆಕ್ಕ ಪುಸ್ತಕದಲ್ಲಿರದೆ ಊರಿನ ನೆನಪಿನಲ್ಲಿರುತ್ತದೆ.

ಎರಡನೆಯದು ದೀಪಾವಳಿಯ ಅಂಟಿಗೆ-ಪಂಟಿಗೆ. ದೀಪವನ್ನು ಹೊತ್ತ ಹಾಡುಗಾರರ ಮೇಳ ರಾತ್ರಿ ಮನೆಯಿಂದ ಮನೆಗೆ ಹೋಗುತ್ತದೆ. ಮನೆಯವರು ಎಣ್ಣೆ ಎರೆದು ದೀಪವನ್ನು ಬೆಳೆಸಿ, ಅಕ್ಕಿ, ಕಾಯಿ, ಹಣಗಳನ್ನು ಕೊಡುತ್ತಾರೆ. ಹೀಗೆ ಬಂದದ್ದರಿಂದ ಮೇಳದವರು ಮುಂದೆ ಒಟ್ಟಿಗೆ ಊಟ ಮಾಡುವುದುಂಟು. ಎಲ್ಲರ ಮನೆಯ ಪಾಲು ಸೇರಿ ಒಂದು ಊಟವಾಗುತ್ತದೆ.

ಮೂರನೆಯದು ಶಿಕಾರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ನಿಷಿದ್ಧವಾದ ಈ ಚಟುವಟಿಕೆ ಹಿಂದೆ ಊರೊಟ್ಟಿನ ಕೂಟವೇ ಆಗಿತ್ತು. ಗುಂಡು ಹೊಡೆದವನಿಗೆ, ಪ್ರಾಣಿಯನ್ನು ಎಬ್ಬಿಸಿ ಅಟ್ಟಿದವರಿಗೆ, ನಾಯಿ ತಂದವನಿಗೆ ಎಂದು ಮಾಂಸದ ಪಾಲುಗಳಿಗೆ ಕಟ್ಟುಕಟ್ಟಳೆಗಳಿದ್ದವು. ಪಾಲಿನ ನ್ಯಾಯ ತಪ್ಪಿದರೆ ಕೂಟವೇ ಒಡೆಯುತ್ತಿತ್ತು.

ನಾಲ್ಕನೆಯದು ತಾಳಮದ್ದಲೆ. ಘಟ್ಟದ ಕೆಳಗಿನ ಕರಾವಳಿಯೊಂದಿಗೆ ಹತ್ತಿರದ ಸಂಬಂಧವಿರುವ ಕಳಸ ಭಾಗದಲ್ಲಿ ಯಕ್ಷಗಾನದ ಈ ಪ್ರಕಾರಕ್ಕೆ ಮಳೆಗಾಲ ಪ್ರಶಸ್ತವಾದ ಕಾಲ. ವೇಷಭೂಷಣಗಳಿಲ್ಲದೆ ಅರ್ಥಧಾರಿಗಳು ಎದುರುಬದುರು ಕುಳಿತು ವಾದಿಸುವ ಈ ಪ್ರಸಂಗಕ್ಕೆ ‘ಕೂಟ’ ಎಂದೇ ಹೆಸರು. ಕೃಷ್ಣ-ಕೌರವರ ಕಡೆಗಳು ಇಲ್ಲಿ ಇವೆ, ತೀವ್ರವಾದ ಖಂಡನೆ-ಮಂಡನೆಗಳೂ ಇವೆ. ಆದರೆ ಮಂಗಳ ಹಾಡಿದ ಮೇಲೆ ಎರಡು ಕಡೆಯವರೂ ಒಂದೇ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತಾರೆ. ವಾದವನ್ನು ಒಳಗಿಟ್ಟುಕೊಂಡೂ ಒಡೆಯದೆ ಉಳಿಯುವುದು ಕೂಟದ ಲಕ್ಷಣವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಈ ನಾಲ್ಕರಲ್ಲಿಯೂ ಪಾಲು ಇದೆ, ಕಡೆ ಇದೆ. ಆದರೆ ಕೂಟದ ಹೆಸರು ಮಾತ್ರ ಕೂಡುವಿಕೆಯಿಂದಲೋ ಕೊಡುಕೊಳೆಯಿಂದಲೋ ಬಂದಿದೆ. ಹೊಸ ಪದ ಬಂದಾಗ ಈ ಕ್ರಮ ಬದಲಾಯಿತು.

3. ಕರಾರು ಮತ್ತು ಕೋರ್ಟು

1831ರಿಂದ 1881ರವರೆಗೆ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಯೂರೋಪಿಯನ್ ಪ್ಲಾಂಟರುಗಳು ಈ ಬೆಟ್ಟಗಳಲ್ಲಿ ತೋಟಗಳನ್ನು ವಿಸ್ತರಿಸಿದ್ದೂ ಮುಖ್ಯವಾಗಿ ಈ ಅವಧಿಯಲ್ಲಿಯೇ. 17ನೆಯ ಶತಮಾನದಲ್ಲಿ ಬಾಬಾಬುಡನ್ ತಂದರೆಂದು ಐತಿಹ್ಯ ಹೇಳುವ ಕಾಫಿ ಬೀಜ ಚಂದ್ರದ್ರೋಣ ಪರ್ವತದಲ್ಲಿ ಬೇರೂರಿ, 19ನೆಯ ಶತಮಾನದಲ್ಲಿ ವ್ಯಾಪಾರದ ಬೆಳೆಯಾಯಿತು. 1947ರವರೆಗೆ ಕಡೂರು ಜಿಲ್ಲೆ ಎಂದು ಕರೆಸಿಕೊಳ್ಳುತ್ತಿದ್ದ ಈ ಪ್ರದೇಶದಲ್ಲಿ ಭೂಮಿಗೆ ಹೊಸ ಬೆಲೆ ಬಂದಂತೆ ಕರಾರು ಪತ್ರಗಳೂ ವ್ಯಾಜ್ಯಗಳೂ ಹೆಚ್ಚಿದವು.

1872ರ ಭಾರತೀಯ ಕರಾರು ಕಾಯಿದೆ ಒಪ್ಪಂದ ಮಾಡಿಕೊಳ್ಳುವ ಪ್ರತಿಯೊಂದು ಕಡೆಯವರನ್ನೂ ‘ಪಾರ್ಟಿ’ ಎಂದು ಕರೆಯುತ್ತದೆ. ಆಡಳಿತದ ಕನ್ನಡದಲ್ಲಿ ಇದಕ್ಕೆ ‘ಕಕ್ಷಿ’, ‘ಕಕ್ಷಿದಾರ’, ‘ಪಕ್ಷಕಾರ’ ಎಂಬ ಪದಗಳಿವೆ. ಆದರೂ ಕರಾರು ಪತ್ರಗಳಲ್ಲಿ ‘ಒಂದನೇ ಪಾರ್ಟಿಯವರು’, ‘ಎರಡನೇ ಪಾರ್ಟಿಯವರು’ ಎಂಬ ಬರವಣಿಗೆ ರೂಢಿಯಾಯಿತು. ವಕೀಲರ ಮಾತಿನಲ್ಲಿ ‘ನಮ್ಮ ಪಾರ್ಟಿ’ ಎಂದರೆ ಅವರ ಕಕ್ಷಿದಾರ. ಒಬ್ಬನೇ ವ್ಯಕ್ತಿಯನ್ನೂ ಪಾರ್ಟಿ ಎನ್ನಬಹುದೆಂಬ ಬಳಕೆ ಹೀಗೆ ಬಂತು. ‘ಗಟ್ಟಿ ಪಾರ್ಟಿ’, ‘ಭಾರಿ ಪಾರ್ಟಿ’ ಎಂಬ ಆಡುಮಾತುಗಳ ಹಿಂದೆ ಇರುವುದು ಈ ಅರ್ಥವೇ. ಇಂಗ್ಲಿಷಿನಲ್ಲಿಯೂ ಕಾನೂನಿನ ಪದವೇ ವಿನೋದದ ಮಾತಿನಲ್ಲಿ ವ್ಯಕ್ತಿಯನ್ನು ಸೂಚಿಸುವ ಪದವಾಗಿತ್ತು.

ಕೂಡುಕುಟುಂಬಗಳು ಒಡೆದಾಗ ಬರೆಯುವ ಪಾಲುಪಾರೀಖತ್ತಿನಲ್ಲಿ ಈ ಪದ ತನ್ನ ಮೂಲಾರ್ಥವನ್ನು ಮತ್ತೆ ಸಂಧಿಸುತ್ತದೆ. ಒಂದೇ ಒಲೆಯ ಅಣ್ಣತಮ್ಮಂದಿರು ಪತ್ರದಲ್ಲಿ ಬೇರೆ ಬೇರೆ ಪಾರ್ಟಿಗಳಾಗುತ್ತಾರೆ. ಗದ್ದೆ, ತೋಟ, ಮನೆ, ಪಾತ್ರೆಗಳು ಪಾಲಾಗುತ್ತವೆ. ಲ್ಯಾಟಿನ್ ಧಾತುವಿನ ಅರ್ಥವನ್ನು ಅರಿಯದ ಪತ್ರ ಬರೆಯುವವನೂ ಅದನ್ನು ಯಥಾವತ್ತಾಗಿ ಬಳಸಿರುತ್ತಾನೆ.

ಖರೀದಿದಾರ ಎಂಬ ಅರ್ಥವೂ ಇದಕ್ಕೆ ಸೇರಿಕೊಂಡಿತು. 1942ರ ಕಾಫಿ ಕಾಯಿದೆಯ ನಂತರ ದೀರ್ಘಕಾಲ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. 1990ರ ದಶಕದಲ್ಲಿ ಹಂತಹಂತವಾಗಿ ಈ ಕಟ್ಟು ಸಡಿಲಗೊಂಡು, 1996ರ ವೇಳೆಗೆ ಬೆಳೆಗಾರರು ತಮ್ಮ ಫಸಲನ್ನು ತಾವೇ ಮಾರುವ ಸ್ವಾತಂತ್ರ್ಯ ಪಡೆದರು. ಆಗ ಎದುರಿಗೆ ಮಂಡಳಿಯೊಂದೇ ಇರಲಿಲ್ಲ, ಹಲವು ಖರೀದಿದಾರರಿದ್ದರು. ವ್ಯಾಪಾರದ ಮಾತಿನಲ್ಲಿ ಅವರೆಲ್ಲರೂ ಪಾರ್ಟಿಗಳು.

4. ತೋಟದ ಸಾಲು ಮತ್ತು ಕ್ಲಬ್ಬು

ತೋಟದಲ್ಲಿ ಜನ ಸೇರುವ ಕ್ರಮಕ್ಕೆ ಬೇರೆಯೇ ಹೆಸರುಗಳಿದ್ದವು. ಘಟ್ಟದ ಕೆಳಗಿನಿಂದ ಮೇಸ್ತ್ರಿಗಳ ಮೂಲಕ, ಮುಂಗಡದ ಹಣದ ಮೇಲೆ ಬಂದ ಆಳುಗಳು ಕೂಲಿ ಲೈನುಗಳಲ್ಲಿ ವಾಸಿಸುತ್ತಿದ್ದರು. ಬೆಳಗಿನ ಹೊತ್ತು ಅವರನ್ನು ಸಾಲಾಗಿ ನಿಲ್ಲಿಸಿ ಹಾಜರಿ ತೆಗೆದುಕೊಂಡು ಕೆಲಸ ಹಂಚಲಾಗುತ್ತಿತ್ತು. ಹಾಜರಿ ಪುಸ್ತಕದ ಇಂಗ್ಲಿಷ್ ಹೆಸರು ‘ಮಸ್ಟರ್ ರೋಲ್’. ಮಸ್ಟರ್ ಎಂಬುದೂ ಜನರನ್ನು ಸೇರಿಸುವುದನ್ನು ಹೇಳುವ ಪದವೇ; ಆದರೆ ಅದರ ಲ್ಯಾಟಿನ್ ಮೂಲದ ಅರ್ಥ ‘ತೋರಿಸು’ ಎಂದು. ಸೈನಿಕರನ್ನು ಪರಿಶೀಲನೆಗಾಗಿ ಸಾಲುನಿಲ್ಲಿಸಿ ತೋರಿಸುವ ಕ್ರಮದಿಂದ ಅದು ಬಂದಿದೆ. ಮುಯ್ಯಾಳಿನ ಕೂಟದಲ್ಲಿ ದುಡಿಯುವವನೇ ಲೆಕ್ಕ ಇಡುತ್ತಿದ್ದನು. ಮಸ್ಟರಿನಲ್ಲಿ ದುಡಿಯುವವನೇ ಲೆಕ್ಕಕ್ಕೆ ಸಿಕ್ಕುವ ವಸ್ತುವಾದನು. ಮಲೆನಾಡಿನ ಶ್ರಮಜೀವನದಲ್ಲಿ ನಡೆದ ದೊಡ್ಡ ಪಲ್ಲಟವನ್ನು ಈ ಎರಡು ಪದಗಳ ಅಂತರ ಸೂಚಿಸುತ್ತದೆ.

ತೋಟದ ಒಡೆಯರ ಕೂಟ ಕ್ಲಬ್ಬು. ಚಿಕ್ಕಮಗಳೂರಿನ ಕಡೂರು ಕ್ಲಬ್ ಜಿಲ್ಲೆಯ ಹಳೆಯ ಹೆಸರನ್ನು ಉಳಿಸಿಕೊಂಡಿದೆ. ಸಕಲೇಶಪುರದ ಮಂಜರಾಬಾದ್ ಕ್ಲಬ್ ಆ ಸೀಮೆಯ ಹಳೆಯ ಹೆಸರನ್ನು ಉಳಿಸಿಕೊಂಡಿದೆ. ದೂರದೂರದ ಬಂಗಲೆಗಳಲ್ಲಿ ಒಂಟಿಯಾಗಿದ್ದ ಪ್ಲಾಂಟರುಗಳಿಗೆ ಆಟ, ಕುಡಿತ, ಊಟ, ಮಾತುಕತೆಗಳ ನೆಲೆಯಾಗಿದ್ದ ವಸಾಹತು ಕಾಲದ ಇಂತಹ ಕ್ಲಬ್ಬುಗಳು ಮೂಲತಃ ಯೂರೋಪಿಯನ್ನರ ಕೂಟಗಳು. 1856ರಲ್ಲಿ ಮೈಸೂರು ಸೀಮೆಗೆ ಬಂದು ನೆಲೆಸಿದ ಪ್ಲಾಂಟರ್ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕದ ಶೀರ್ಷಿಕೆಯಲ್ಲಿ ಚಿನ್ನ ಮತ್ತು ಕಾಫಿಗಳ ನಡುವೆ ಶಿಕಾರಿಯೂ ಸೇರಿರುವುದು ಆ ಜೀವನಕ್ರಮವನ್ನು ಸೂಚಿಸುತ್ತದೆ. 1893ರಲ್ಲಿ ದಕ್ಷಿಣ ಭಾರತದ ಪ್ಲಾಂಟರುಗಳೆಲ್ಲರ ಸಂಘಟನೆಯಾದ ‘ಉಪಾಸಿ’ ಸ್ಥಾಪನೆಯಾಯಿತು. ಒಡೆಯರ ಹಿತಕ್ಕೆ ಹೀಗೆ ಹೆಸರು, ಕಟ್ಟಡ, ನಿಬಂಧನೆಗಳುಳ್ಳ ಕೂಟಗಳಿದ್ದವು. ಆಳುಗಳಿಗೆ ಹಾಜರಿಯ ಸಾಲು ಮಾತ್ರ ಇತ್ತು.

ಈ ಸ್ಥಿತಿ ಬದಲಾದದ್ದು ಕಾನೂನಿನ ಮೂಲಕ ಮತ್ತು ಸಂಘಟನೆಯ ಮೂಲಕ. 1926ರ ಕಾರ್ಮಿಕ ಸಂಘಗಳ ಕಾಯಿದೆಯ ನಂತರ ಬಂದ 1947ರ ಕೈಗಾರಿಕಾ ವಿವಾದಗಳ ಕಾಯಿದೆ ಮುಂದೆ ಮೈಸೂರು ರಾಜ್ಯಕ್ಕೂ ಅನ್ವಯವಾಯಿತು. ಅದರ ಭಾಷೆಯಲ್ಲಿ ಮಾಲಿಕ ಮತ್ತು ಕಾರ್ಮಿಕ ಇಬ್ಬರೂ ವಿವಾದದ ‘ಪಾರ್ಟಿ’ಗಳು. 1951ರ ತೋಟ ಕಾರ್ಮಿಕರ ಕಾಯಿದೆ ವಸತಿ, ಕುಡಿಯುವ ನೀರು, ವೈದ್ಯಕೀಯ ಸೌಲಭ್ಯಗಳನ್ನು ಮಾಲಿಕನ ಹೊಣೆಯನ್ನಾಗಿ ಮಾಡಿತು. ಒಬ್ಬ ಆಳು ಪಾರ್ಟಿ ಎನಿಸಿಕೊಂಡನೆಂದರೆ ಅವನು ಎಣಿಕೆಯ ಒಂದು ಅಂಕಿಯಾಗಿ ಉಳಿಯದೆ, ಎದುರಿನಲ್ಲಿ ಕುಳಿತು ತನ್ನ ಪಾಲನ್ನು ಕೇಳಬಲ್ಲ ಒಂದು ಕಡೆಯವನಾದನು ಎಂದೇ ಅರ್ಥ. ವಿಭಾಗವನ್ನು ಸೂಚಿಸುವ ಪದವೊಂದು ಇಲ್ಲಿ ಮನ್ನಣೆಯನ್ನು ತಂದುಕೊಟ್ಟಿತು. ಕಾನೂನಿನ ಈ ಮನ್ನಣೆ ಎಲ್ಲ ಲೈನುಗಳಲ್ಲಿಯೂ ಒಂದೇ ಪ್ರಮಾಣದಲ್ಲಿ ಬದುಕನ್ನು ಬದಲಿಸಿತೆಂದು ಹೇಳಲಾಗದು. ಆದರೆ ಮಾತಿನಲ್ಲಿ ಆದ ಬದಲಾವಣೆ ಚಿಕ್ಕದಲ್ಲ.

5. ಚುನಾವಣೆ: ಒಡೆದ ಪಾರ್ಟಿಗಳ ರಣರಂಗ

ರಾಜಕೀಯದ ಅರ್ಥದಲ್ಲಿ ಪಾರ್ಟಿಗೆ ಗ್ರಾಂಥಿಕ ಕನ್ನಡ ಕೊಟ್ಟ ಪದ ‘ಪಕ್ಷ’. ಪಕ್ಷವೆಂದರೆ ರೆಕ್ಕೆ, ಪಾರ್ಶ್ವ, ತಿಂಗಳ ಅರ್ಧ. ಇಲ್ಲಿಯೂ ಇನ್ನೊಂದು ಬದಿಯ ಕಲ್ಪನೆ ಇದ್ದೇ ಇದೆ. ಆದರೆ ಊರಿನ ಮಾತಿನಲ್ಲಿ ಪಾರ್ಟಿಯೇ ನಿಂತಿತು. ‘ಪಾರ್ಟಿ ಕಟ್ಟು’, ‘ಪಾರ್ಟಿ ಸೇರು’, ‘ಪಾರ್ಟಿ ಬಿಡು’, ‘ಪಾರ್ಟಿ ಒಡೆ’ ಎಂಬ ಕ್ರಿಯಾರೂಪಗಳನ್ನು ಕನ್ನಡ ತಾನೇ ಕಟ್ಟಿಕೊಂಡಿದೆ.

ಈ ಸೀಮೆಯ ರಾಜಕೀಯ ಚರಿತ್ರೆಯಲ್ಲಿ 1978ರ ನವೆಂಬರಿನ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆ ಪ್ರಸಿದ್ಧವಾದುದು. ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಸ್ಥಾನಕ್ಕೆ ಇಂದಿರಾ ಗಾಂಧಿಯವರು ಸ್ಪರ್ಧಿಸಿ, ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು ಸೋಲಿಸಿದರು. ಇಡೀ ದೇಶದ ಗಮನ ಕಾಫಿ ಬೆಟ್ಟಗಳ ಕಡೆಗೆ ಹರಿದ ಸಂದರ್ಭವದು. ಎದುರಾಳಿಗಳಾಗಿ ನಿಂತ ಈ ಇಬ್ಬರೂ 1969ರವರೆಗೆ ಒಂದೇ ಕಾಂಗ್ರೆಸ್ಸಿನಲ್ಲಿದ್ದವರು ಎಂಬುದನ್ನು ಇಲ್ಲಿ ನೆನೆಯಬೇಕು. 1969ರ ಒಡಕಿನಲ್ಲಿ ಅವರು ಬೇರೆ ಬೇರೆ ಕಡೆಗೆ ಸೇರಿದರು. 1978ರ ಜನವರಿಯಲ್ಲಿ ಇಂದಿರಾ ಕಾಂಗ್ರೆಸ್ ಮತ್ತೊಮ್ಮೆ ಬೇರ್ಪಟ್ಟಿತು. ಆ ಪಕ್ಷದ ಗುರುತು ಜೋಡೆತ್ತಿನಿಂದ ಹಸು-ಕರುವಿಗೂ, ಹಸು-ಕರುವಿನಿಂದ ಹಸ್ತಕ್ಕೂ ಬದಲಾದದ್ದು ಈ ಒಡಕುಗಳ ಫಲ. ಅಕ್ಷರ ಬಾರದ ಮತದಾರರಿಗೆ ಪಕ್ಷವನ್ನು ಪರಿಚಯಿಸುತ್ತಿದ್ದುದು ಈ ಗುರುತೇ ಆದ್ದರಿಂದ, ಪಾರ್ಟಿಯ ಒಡಕು ಅವರಿಗೆ ಚಿತ್ರದ ಬದಲಾವಣೆಯಾಗಿಯೂ ಎದುರಾಯಿತು.

ಇನ್ನೊಂದು ಸಂಗತಿ ಇನ್ನೂ ಸೂಕ್ಷ್ಮವಾದುದು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಗಳು ಪಕ್ಷರಹಿತವಾಗಿ, ಪಕ್ಷದ ಚಿಹ್ನೆಗಳಿಲ್ಲದೆ ನಡೆಯುತ್ತವೆ. ಆದರೂ ‘ಊರಲ್ಲಿ ಎರಡು ಪಾರ್ಟಿ ಆಗಿದೆ’ ಎಂಬ ಮಾತು ಸಾಮಾನ್ಯ. ಇಲ್ಲಿ ಪಾರ್ಟಿ ಎಂದರೆ ಯಾವ ರಾಜಕೀಯ ಪಕ್ಷವೂ ಅಲ್ಲ; ದೇವಸ್ಥಾನದ ಲೆಕ್ಕ, ದಾರಿಯ ತಕರಾರು, ನೀರಿನ ಪಾಲು, ಹಳೆಯ ಮನಸ್ತಾಪ ಮುಂತಾದ ಕಾರಣಗಳಿಂದ ಊರು ಎರಡಾಗಿರುವ ಸ್ಥಿತಿ. ಇಂಗ್ಲಿಷಿನಲ್ಲಿ ಮಧ್ಯಯುಗದಲ್ಲಿದ್ದ ‘ಎದುರು ಬದಿ’ ಎಂಬ ಅರ್ಥ ಮಲೆನಾಡಿನ ಹಳ್ಳಿಯ ಮಾತಿನಲ್ಲಿ ಇಂದಿಗೂ ಜೀವಂತವಾಗಿದೆ. ‘ಪಾರ್ಟಿ-ಪಂಗಡ’ ಎಂಬ ಜೋಡುನುಡಿಯಲ್ಲಿ ಎರವಲು ಪದ ಮತ್ತು ರೂಢಿಯ ಪದ ಒಂದರ ಅರ್ಥವನ್ನು ಮತ್ತೊಂದು ಬಲಪಡಿಸುತ್ತವೆ.

6. ಔತಣ

ಕೊನೆಯದಾಗಿ ಔತಣದ ಅರ್ಥ. ಇದಕ್ಕೆ ಗ್ರಾಂಥಿಕ ಕನ್ನಡ ‘ಔತಣಕೂಟ’, ‘ಸಂತೋಷಕೂಟ’ ಎಂಬ ಪದಗಳನ್ನು ರಚಿಸಿ ಕೂಟವನ್ನು ಮತ್ತೆ ಕರೆತಂದಿತು. ಕಾಫಿ ಬೆಳೆಯುವ ನಾಡಿನಲ್ಲಿಯೂ ಸಭೆಗಳ ಕೊನೆಯಲ್ಲಿ ನಡೆಯುವುದು ‘ಚಹಾಕೂಟ’ವೇ ಆಗಿರುವುದು ಇಂಗ್ಲಿಷಿನ ‘ಟೀ ಪಾರ್ಟಿ’ಯ ಅನುವಾದದ ಫಲ; ಲೋಟದಲ್ಲಿ ಕಾಫಿಯೇ ಇದ್ದರೂ ಹೆಸರು ಬದಲಾಗುವುದಿಲ್ಲ.

ಆಡುಮಾತಿನ ‘ಪಾರ್ಟಿ’ ಮದುವೆಯ ಊಟವನ್ನಾಗಲಿ, ಹಬ್ಬದ ಊಟವನ್ನಾಗಲಿ, ದೇವರ ಸಮಾರಾಧನೆಯನ್ನಾಗಲಿ ಸೂಚಿಸುವುದಿಲ್ಲ ಎಂಬುದು ಗಮನಾರ್ಹ. ‘ಪಾರ್ಟಿ ಕೊಡು’ ಎಂಬ ಪ್ರಯೋಗದಲ್ಲಿ ಕೊಡುವವನು, ಪಡೆಯುವವನು ಎಂಬ ಎರಡು ಕಡೆಗಳು ಸ್ಪಷ್ಟವಾಗಿವೆ. ಹೊಸ ವಾಹನ ಕೊಂಡವನು, ಚುನಾವಣೆಯಲ್ಲಿ ಗೆದ್ದವನು ಪಾರ್ಟಿ ಕೊಡಬೇಕೆಂದು ಗೆಳೆಯರು ಹಕ್ಕಿನಿಂದ ಕೇಳುತ್ತಾರೆ. ಒಬ್ಬನ ಲಾಭದಲ್ಲಿ ಉಳಿದವರಿಗೂ ಪಾಲಿದೆ ಎಂಬ ನಂಬಿಕೆ ಇದರ ಹಿಂದಿದೆ. ಶಿಕಾರಿಯ ಮಾಂಸವನ್ನು ಹಂಚುತ್ತಿದ್ದ ಸಮಾಜದ ನೀತಿಗೂ ಇದಕ್ಕೂ ದೂರವೇನಿಲ್ಲ.

ಸಾಂಪ್ರದಾಯಿಕ ಊಟ ‘ಪಂಕ್ತಿ’ಯಲ್ಲಿ ನಡೆಯುತ್ತಿತ್ತು. ಪಂಕ್ತಿಯಲ್ಲಿ ಯಾರು ಯಾರೊಂದಿಗೆ ಕೂರಬೇಕು, ಯಾರು ಕೂರಬಾರದು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಪಂಕ್ತಿಭೇದ ಎಂಬ ಪದವೇ ಅದಕ್ಕೆ ಸಾಕ್ಷಿ. ಪಾರ್ಟಿಯಲ್ಲಿ ಜಾತಿಯ ಪಂಕ್ತಿ ಇಲ್ಲದಿರುವುದರಿಂದ ಅದಕ್ಕೆ ಒಂದು ಬಗೆಯ ಬಿಡುಗಡೆಯ ಗುಣ ಬಂತು. ಆದರೆ ಹಣ, ಸ್ಥಾನಮಾನ, ಕರೆಯೋಲೆಗಳು ಅಲ್ಲಿಯೂ ಹೊಸ ಪಂಕ್ತಿಗಳನ್ನು ನಿರ್ಮಿಸಿದವು. ಕೂಡುವ ಸ್ಥಳದಲ್ಲಿಯೇ ವಿಭಾಗವೂ ನಡೆಯುತ್ತದೆಂಬ ಸತ್ಯವನ್ನು ಪಂಕ್ತಿ ಮತ್ತು ಪಾರ್ಟಿ ಎರಡೂ ಬೇರೆ ಬೇರೆ ರೀತಿಯಲ್ಲಿ ಹೇಳುತ್ತವೆ.

7. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಇಂಗ್ಲಿಷಿನ ಒಂದು ಪದಕ್ಕೆ ಗ್ರಾಂಥಿಕ ಕನ್ನಡ ಕಕ್ಷಿದಾರ, ಪಕ್ಷ, ತಂಡ, ಔತಣಕೂಟ ಎಂದು ಹಲವು ಪದಗಳನ್ನು ಕೊಟ್ಟಿತು. ಆಡುಮಾತು ಒಂದೇ ಪದವನ್ನು ಉಳಿಸಿಕೊಂಡಿತು. ಇದನ್ನು ಆಡುಮಾತಿನ ಬಡತನವೆಂದು ತಿಳಿಯಬೇಕಾಗಿಲ್ಲ. ಕೋರ್ಟಿನ ಎದುರಾಳಿ, ಕಾಫಿಯ ಖರೀದಿದಾರ, ಊರಿನ ಎದುರು ಗುಂಪು, ಊಟದ ಗೆಳೆಯರು ಇವರೆಲ್ಲರನ್ನೂ ಬೆಸೆಯುವ ಸೂತ್ರವೆಂದರೆ ಪಾಲು. ಆ ಸೂತ್ರವನ್ನು ಜನರ ಮಾತು ಕಳೆದುಕೊಳ್ಳಲಿಲ್ಲ.

ಹಾಗೆಂದು ಕೂಟ ಹಿಂದೆ ಸರಿದಿಲ್ಲ. ಸಣ್ಣ ಮತ್ತು ಮಧ್ಯಮ ಹಿಡುವಳಿದಾರರೂ ಸೇರಿ ಕಟ್ಟಿದ ಕರ್ನಾಟಕ ಬೆಳೆಗಾರರ ಒಕ್ಕೂಟದ ಹೆಸರಿನಲ್ಲಿಯೂ, ಕಳಸದ ಮಳೆಗಾಲದ ತಾಳಮದ್ದಲೆಯಲ್ಲಿಯೂ ಅದು ಇದೆ. ಜನರು ತಾವು ಒಂದಾಗಿದ್ದೇವೆಂದು ಹೇಳಬಯಸಿದಾಗ ಕೂಟವನ್ನೂ, ತಮ್ಮ ಪಾಲನ್ನು ಕೇಳಬಯಸಿದಾಗ ಪಾರ್ಟಿಯನ್ನೂ ಆಶ್ರಯಿಸಿದ್ದಾರೆ. ಕಾಫಿ ಸೀಮೆಯ ಚರಿತ್ರೆಯಲ್ಲಿ ಎರಡೂ ಅಗತ್ಯವಾಗಿದ್ದವು. ಕೂಟದ ಹೆಸರಿನಲ್ಲಿ ಪಾಲನ್ನು ಮರೆಸಿದ ಕಡೆ ದುಡಿಯುವವರು ಹಾಜರಿಯ ಸಾಲಾಗಿ ಉಳಿದರು. ಪಾಲಿನ ಹೆಸರಿನಲ್ಲಿ ಕೂಟವನ್ನು ಮರೆತ ಕಡೆ ಊರುಗಳು ಎರಡಾದವು. ಈ ಬೆಟ್ಟಗಳ ಸಾಮಾಜಿಕ ಚರಿತ್ರೆಯನ್ನು ಬರೆಯುವವರು ಕಡತ, ಶಾಸನಗಳ ಜೊತೆಗೆ ಜನರ ಬಾಯಲ್ಲಿ ಉಳಿದಿರುವ ಇಂತಹ ಪದಗಳನ್ನೂ ದಾಖಲೆಗಳೆಂದು ಪರಿಗಣಿಸುವುದು ಅವಶ್ಯಕ.